ಸಮಸ್ಯಾಪೂರಣ: ಕೂಡಿ ನಾಲ್ವರು ತಕ್ಕಡಿಯೊಳಿರೆ

ಸಮಸ್ಯೆ (ಬಸವನಗುಡಿಯಿಂದ)

ಸಹೃದಯರಿಗೆ ನಮಸ್ಕಾರ. ಈ ವಾರ ಭಾಮಿನೀ ಷಟ್ಪದಿಯ ಕೊನೆಯ ಪಾದವನ್ನು ಕೊಡುತ್ತಿದ್ದೇನೆ:

"ಕೂಡಿ ನಾಲ್ವರು ತಕ್ಕಡಿಯೊಳಿರೆ ತೂಕ ತಗ್ಗಿತಲಾ"

ಗಾಂಧಿಬಜಾರಿನ ಯಾವ ಅಂಗಡಿಯ ತಕ್ಕಡಿಯಲ್ಲಿಯೂ ನಡೆಯದ ಈ ಮಾತು ನಿಜವಾಗುವ ನೆಲೆಯನ್ನು ಪರಮಾಣುವಿನ ಒಳಗಿನಿಂದಲೇ ತರಬೇಕೆಂದೂ, ಕಣಗಳ ಒಟ್ಟು ವಿದ್ಯುದಾವೇಶದ (ಚಾರ್ಜ್) ಲೆಕ್ಕ ಪದ್ಯದಲ್ಲಿಯೇ ಬರಬೇಕೆಂದೂ ಕೋರುತ್ತೇನೆ. ಡಕಾರದ ಪ್ರಾಸ ತಪ್ಪಬಾರದು.

ಪೂರಣ (ಮಲ್ಲೇಶ್ವರದಿಂದ)

ಜೋಡಿ ಧನಕಣ, ಶೂನ್ಯಕಣಗಳ
ಜೋಡಿಯೊಂದಿವು ಗೂಡುಗಟ್ಟಲು
ನೀಡಿದವು ಬಂಧನಕೆ ಸುಂಕವ ತೂಕದಿಂದಲೆ ತಾಂ
ಓಡಿತದು ಶಕ್ತಿಯೆನೆ ಹೊರಗಡೆ
ಬಾಡದುಳಿದುದು ಧನವದೆರಡೆನೆ
ಕೂಡಿ ನಾಲ್ವರು ತಕ್ಕಡಿಯೊಳಿರೆ ತೂಕ ತಗ್ಗಿತಲಾ

ನಾಲ್ವರೆಂದರೆ ಹೀಲಿಯಂ ಪರಮಾಣುವಿನ ಬೀಜದ (ನ್ಯೂಕ್ಲಿಯಸ್) ಎರಡು ಪ್ರೋಟಾನ್ ಮತ್ತು ಎರಡು ನ್ಯೂಟ್ರಾನ್‌ಗಳು. ಆವೇಶ ಎರಡು ಧನ, ಎರಡು ಸೊನ್ನೆ, ಒಟ್ಟು +2. ದ್ರವ್ಯರಾಶಿಯನ್ನು ಪರಮಾಣು ಏಕಮಾನದಲ್ಲಿ ಹೇಳುವುದಾದರೆ, ಬಿಡಿ ಪ್ರೋಟಾನ್ 1.00728, ಬಿಡಿ ನ್ಯೂಟ್ರಾನ್ 1.00866 ಇರುವುದರಿಂದ ನಾಲ್ಕರ ಮೊತ್ತ 4.03188 ಆಗಬೇಕು, ಆದರೆ ಕೂಡಿ ನಿಂತ ಬೀಜ ತೂಗುವುದು 4.00151 ಮಾತ್ರ. ಕಳೆದ 0.03037, ಎಂದರೆ ಶೇಕಡಾ ಸುಮಾರು 0.75, ಐನ್‌ಸ್ಟೈನ್ ಅವರ ಸಮೀಕರಣದಂತೆ 28.3 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಾಗಿ ಹೊರಬಿದ್ದಿದೆ.

ಸಮಸ್ಯೆ ಕೊಟ್ಟವರ ಮಾತು

ಮಾನ್ಯರೇ, ಛಂದಸ್ಸು ಶುದ್ಧವಾಗಿದೆ. ನಾಲ್ಕನೆಯ ಪಾದ ನನಗೆ ಬಹಳ ಹಿಡಿಸಿತು. ಬಂಧನಶಕ್ತಿ ಬೀಜದೊಳಗೆ ಕೂಡಿಟ್ಟ ಗಂಟು ಎಂದು ಭಾವಿಸುವವರು ಅನೇಕರಿದ್ದಾರೆ, ತಾವು ಅದು ಹೊರಟುಹೋದ ಶಕ್ತಿಯೆಂದೇ ಹೇಳಿದ್ದೀರಿ. ಬೀಜವನ್ನು ಮತ್ತೆ ನಾಲ್ಕಾಗಿ ಬಿಡಿಸಬೇಕಾದರೆ ಅಷ್ಟನ್ನೂ ಹೊರಗಿನಿಂದ ತಂದು ತೆರಬೇಕು. "ಬಾಡದುಳಿದುದು" ಎಂಬುದು ಮಾತ್ರ ಪ್ರಾಸಕ್ಕಾಗಿ ಬಂದಂತಿದೆ, ಧನ ಹೂವಲ್ಲವಷ್ಟೆ. ಆದರೂ ಆವೇಶ ಎಳ್ಳಷ್ಟೂ ಕುಂದದೆಂಬ ಅರ್ಥವನ್ನು ಅದು ಕೊಡುತ್ತದೆ.

ನ್ಯೂಟ್ರಾನನ್ನು ಚಾಡ್ವಿಕ್ 1932ರಲ್ಲಿ ಗುರುತಿಸುವುದಕ್ಕೆ ಮೊದಲೇ, ಹೀಲಿಯಂ ನಾಲ್ಕು ಹೈಡ್ರೋಜನ್‌ಗಳಿಗಿಂತ ಹಗುರವೆಂಬುದನ್ನು ಪರಮಾಣುಗಳ ದ್ರವ್ಯರಾಶಿಯನ್ನು ಅಳೆದ ವಿಜ್ಞಾನಿ ಆಸ್ಟನ್ ಅವರ ಅಳತೆಗಳು ತೋರಿಸಿದ್ದವು.

ಈ ಪಾದವನ್ನು ಕಟ್ಟುವಾಗ ನನ್ನ ಮನಸ್ಸಿನಲ್ಲಿದ್ದುದು ಲೋಪಸಂಧಿ. "ತಗ್ಗಿತು" ಎಂಬಲ್ಲಿ ನಾಲ್ಕು ಮಾತ್ರೆ, "ಅಲಾ" ಎಂಬಲ್ಲಿ ಮೂರು. ಕೂಡಿ "ತಗ್ಗಿತಲಾ" ಆದಾಗ ಏಳಲ್ಲ, ಆರು. ಉಕಾರ ಜಾರಿಹೋಯಿತು, ಅರ್ಥ ಮಾತ್ರ ಇದ್ದಂತೆಯೇ ಉಳಿಯಿತು.

ಈ ಬೀಜಕ್ಕೆ ಎರಡು ಎಲೆಕ್ಟ್ರಾನ್‌ಗಳು ಬಂದು ಸೇರಿದರೆ ತೂಕ ಏರುವುದು ಕೇವಲ 0.0011 ಏಕಮಾನ, ಆವೇಶವೋ ಸೊನ್ನೆ. ಆದ್ದರಿಂದ ಮುಂದಿನ ವಾರಕ್ಕೆ, ದಕಾರದ ಪ್ರಾಸದಲ್ಲಿ, ಈ ಪಾದ:

"ಬಂದ ಹಗುರದ ನೆಂಟರಿಬ್ಬರು ಧನವ ಮುಗಿಸಿದರು"