ಬೇಲೂರು, ಹಳೇಬೀಡು, ಬೆಳಗೊಳ: ಮೂರು ದಿನಕ್ಕೆ ಯಾವ ಕ್ರಮ?

ದಾರಿಹೋಕ (ಕೇಳಿದ್ದು)

ಜನವರಿಯ ಒಂದು ಶುಕ್ರವಾರ ಬೆಂಗಳೂರಿನಿಂದ ಕಾರಿನಲ್ಲಿ ಹೊರಟು ಭಾನುವಾರ ರಾತ್ರಿ ವಾಪಸ್ ಬರಬೇಕು. ಅಮ್ಮನಿಗೆ ಎಪ್ಪತ್ತು, ಮಂಡಿನೋವು. ಮಗನಿಗೆ ಹತ್ತು. ಶುಕ್ರವಾರ ಹಳೇಬೀಡು-ಬೇಲೂರು, ಶನಿವಾರ ಶ್ರವಣಬೆಳಗೊಳ, ಭಾನುವಾರ ಸೋಮನಾಥಪುರ ಅಂದುಕೊಂಡಿದ್ದೇವೆ. ಕ್ರಮ ಸರಿ ಇದೆಯೇ? ಗೈಡ್ ಬೇಕೇ? ಅಮ್ಮನಿಗೆ ಎಲ್ಲಿ ಕಷ್ಟ?

ಹಾಸನದ ಬಸ್ಸು

ಕ್ರಮ ತಿರುಗಿಸಿ. ಶುಕ್ರವಾರ ಹಳೇಬೀಡಿಗೆ ಹೋದರೆ ಅಲ್ಲಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ವಾರದ ರಜೆ. ಬೆಳಗೊಳವಂತೂ ನಿಮ್ಮ ದಾರಿಯಲ್ಲೇ ಸಿಗುತ್ತದೆ: ಹಾಸನದ ಹೆದ್ದಾರಿಯಲ್ಲಿ ಹಿರೀಸಾವೆ ಹತ್ತಿರ ಎಡಕ್ಕೆ ತಿರುಗಿದರೆ ಸಾಕು, ಬೆಂಗಳೂರಿನಿಂದ ಸುಮಾರು 145 ಕಿ.ಮೀ. ಬೆಳಗ್ಗೆ ಐದಕ್ಕೆ ಹೊರಟರೆ ಎಂಟು, ಎಂಟೂವರೆಗೆ ಬೆಟ್ಟದ ಬುಡದಲ್ಲಿರುತ್ತೀರಿ. ಮೊದಲು ಹಾಸನಕ್ಕೆ ಹೋಗಿ ಮಾರನೆಯ ದಿನ ಬೆಳಗೊಳಕ್ಕೆ ಹಿಂದಕ್ಕೆ ಬರುವುದೆಂದರೆ ಹೋಗಿ ಬರಲು ಸುಮಾರು 100 ಕಿ.ಮೀ. ದಂಡ.

ಶುಕ್ರವಾರ ಬೆಳಗೊಳ ಮುಗಿಸಿ ಹಾಸನದಲ್ಲಿ ತಂಗಿ. ಶನಿವಾರ ಬೆಳಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು. ಎರಡಕ್ಕೂ ನಡುವೆ 16 ಕಿ.ಮೀ. ಮಾತ್ರ. ಭಾನುವಾರದ ವಿಚಾರಕ್ಕೆ ಉಳಿದವರು ಹೇಳಲಿ, ಅಲ್ಲಿ ಎರಡು ಅಭಿಪ್ರಾಯ ಇದ್ದೇ ಇರುತ್ತದೆ.

ಬಳಪದಕಲ್ಲು

ಮೇಲಿನ ಕ್ರಮಕ್ಕೆ ನನ್ನ ಮತ. ಕಾರಣ ದೂರಕ್ಕಿಂತ ಹೆಚ್ಚಾಗಿ ಬಿಸಿಲು.

ಹಳೇಬೀಡಿನ ಹೊಯ್ಸಳೇಶ್ವರ ಪೂರ್ವಾಭಿಮುಖ. ಎರಡು ಗರ್ಭಗುಡಿಗಳೂ ಪಶ್ಚಿಮಕ್ಕಿವೆ, ದೊಡ್ಡ ಮೂರ್ತಿಗಳ ಸಾಲು ಇರುವುದು ಆ ಹಿಂಬದಿಯ ಗೋಡೆಯಲ್ಲಿ. ಬೆಳಗ್ಗೆ ಹೋದರೆ ಆ ಗೋಡೆ ಪೂರಾ ನೆರಳು. ಉಬ್ಬುಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಮೂರೂವರೆಯ ನಂತರ ಓರೆ ಬಿಸಿಲು ಬಿದ್ದಾಗ ಸರದ ಮಣಿ, ಬೆರಳಿನ ಉಗುರು ಸಹ ಎದ್ದು ಕಾಣುತ್ತವೆ. ಬೇಲೂರಿನದು ತಿರುಗುಮುರುಗು. ಪೂರ್ವದ ಬಾಗಿಲು, ಅದರ ಅಕ್ಕಪಕ್ಕದ ಜಾಲಂದ್ರಗಳು (ತೂತು ಕೊರೆದ ಕಲ್ಲಿನ ಕಿಟಕಿಗಳು), ಸೂರಿನ ಕೆಳಗಿನ ಮದನಿಕೆಯರು (ಹೆಣ್ಣಿನ ಶಿಲ್ಪಗಳು) ಬೆಳಗಿನ ಬೆಳಕಿಗೇ ಚೆಂದ. ನಡುಮಧ್ಯಾಹ್ನ ಸೂರಿನ ನೆರಳು ಮದನಿಕೆಯರ ಮುಖದ ಮೇಲೆಯೇ ಬೀಳುತ್ತದೆ. ಹೆಚ್ಚಿನವರು ತಲುಪುವುದು ಆ ಹೊತ್ತಿಗೇ, ಏನು ಮಾಡೋಣ.

ಬೇಲೂರು ಪೂಜೆ ನಡೆಯುವ ಗುಡಿ. ಮಧ್ಯಾಹ್ನ ಸುಮಾರು ಒಂದರಿಂದ ಮೂರರವರೆಗೆ ಗರ್ಭಗುಡಿ ಮುಚ್ಚಿರುತ್ತದೆ, ಪ್ರಾಕಾರ ಮಾತ್ರ ತೆರೆದಿರುತ್ತದೆ. ಅಮ್ಮನಿಗೆ ಚೆನ್ನಕೇಶವನ ದರ್ಶನ ಆಗಬೇಕೆಂದರೆ ಏಳೂವರೆ-ಎಂಟಕ್ಕೇ ಒಳಗಿರಿ. ಜನವರಿಯಲ್ಲಿ ಇನ್ನೊಂದು ಕಾರಣವೂ ಇದೆ. ಅದು ಶಾಲಾ ಪ್ರವಾಸದ ಕಾಲ. ಹತ್ತು ಗಂಟೆಯ ನಂತರ ಬಸ್ಸುಗಟ್ಟಲೆ ಮಕ್ಕಳು ಇಳಿದರೆ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಹಜಾರದಲ್ಲಿ, ನಿಲ್ಲಲೂ ಜಾಗ ಇರುವುದಿಲ್ಲ.

ಜಾಲಂದ್ರ

ಗೈಡ್ ಬಗ್ಗೆ: ಬೇಲೂರಿನಲ್ಲಿ ಮಾಡಿಕೊಳ್ಳಿ, ಹಳೇಬೀಡಿನಲ್ಲಿ ನೀವೇ ನೋಡಿ. ಗುರುತಿನ ಚೀಟಿ ಇರುವವರನ್ನೇ ಕರೆಯಿರಿ. ಎಷ್ಟು ಹೊತ್ತು, ಯಾವ ಭಾಷೆ, ಒಟ್ಟು ಎಷ್ಟು ಹಣ, ಈ ಮೂರನ್ನೂ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಇಪ್ಪತ್ತು ನಿಮಿಷದಲ್ಲಿ ದರ್ಪಣ ಸುಂದರಿಯನ್ನು ತೋರಿಸಿ ಮುಗಿಸಿಬಿಡುತ್ತಾರೆ. ಒಟ್ಟು 42 ಮದನಿಕೆಯರಲ್ಲಿ 38 ಹೊರಗೆ, 4 ನವರಂಗದ ಒಳಗೆ. ಒಳಗಿನ ನಾಲ್ವರನ್ನು ತೋರಿಸಿ ಎಂದು ಕೇಳಿಯೇ ನೋಡಬೇಕು, ಏಕೆಂದರೆ ಅಲ್ಲಿ ಕತ್ತಲು. ಸಣ್ಣ ಟಾರ್ಚ್ ಮತ್ತು ದುರ್ಬೀನು ಇದ್ದರೆ ಜೇಬಿನಲ್ಲಿರಲಿ.

ಈ ಗುಡಿ ಕೆತ್ತಿದನೆಂದು ಜನ ಹೇಳುವ ಶಿಲ್ಪಿ ಜಕಣಾಚಾರಿಯ ಕಥೆ ಹೇಳಿಯೇ ಹೇಳುತ್ತಾರೆ. ಕೇಳಿ, ಚೆನ್ನಾಗಿದೆ. ಆದರೆ ಮದನಿಕೆಯರ ಪೀಠದ ಮೇಲೆ ಕೊರೆದಿರುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರದು. ಆ ರುಜುಗಳನ್ನು ತೋರಿಸಬಲ್ಲ ಗೈಡ್ ಸಿಕ್ಕರೆ ಕೊಟ್ಟ ಹಣ ಸಾರ್ಥಕ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯ ಜೊತೆಗೇ ಶಾಂತಲೆ ಮಾಡಿಸಿದ ಕಪ್ಪೆ ಚೆನ್ನಿಗರಾಯನ ಗುಡಿಯೂ ಅದೇ ಪ್ರಾಕಾರದಲ್ಲಿದೆ. ಅದನ್ನು ಬಿಟ್ಟು ಬರುವವರೇ ಹೆಚ್ಚು.

ಹಳೇಬೀಡಿನಲ್ಲಿ ಮಗನಿಗೆ ಕೆಲಸ ಕೊಡಿ. ಬುಡದಿಂದ ಮೇಲಕ್ಕೆ ಎಂಟು ಪಟ್ಟಿಗಳಿವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ-ಭಾರತ-ಭಾಗವತದ ಕಥೆ, ಮಕರ, ಹಂಸ. ಕಥೆಯ ಪಟ್ಟಿಯನ್ನು ಪ್ರದಕ್ಷಿಣೆಯ ದಿಕ್ಕಿನಲ್ಲಿ, ಅಂದರೆ ಗೋಡೆ ಬಲಗೈಗೆ ಬರುವಂತೆ ನಡೆಯುತ್ತಾ ಓದಬೇಕು. ಚಕ್ರವ್ಯೂಹದೊಳಗಿನ ಅಭಿಮನ್ಯು ಮತ್ತು ಕೈಲಾಸ ಎತ್ತುವ ರಾವಣ ಎಲ್ಲಿದ್ದಾರೆ ಹುಡುಕು ಅಂದರೆ ಒಂದು ಗಂಟೆ ನಿಮಗೆ ಬಿಡುವು. ಮುಟ್ಟಲು ಮಾತ್ರ ಬಿಡಬೇಡಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ ನಿಜ, ಆದರೆ ಕೈಯ ಜಿಡ್ಡು ಹತ್ತಿ ಕಪ್ಪಾಗುವುದು ತಪ್ಪುವುದಿಲ್ಲ.

ಗುಡಿಯಿಂದ ಸ್ವಲ್ಪವೇ ದೂರದ ಬಸದಿಹಳ್ಳಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಪಾರ್ಶ್ವನಾಥ ಬಸದಿಯ ಕಡೆದ ಕಂಬಗಳ ನುಣುಪಿನಲ್ಲಿ ನಿಮ್ಮ ನೆರಳು ಕನ್ನಡಿಯಂತೆ ಕಾಣುತ್ತದೆ. ಜನ ಕಡಿಮೆ, ಅಮ್ಮ ನೆಮ್ಮದಿಯಾಗಿ ಕೂರಬಹುದು.

ದಾರಿಹೋಕ

ತುಂಬಾ ಉಪಕಾರ. ಬೆಳಗೊಳದ ಮೆಟ್ಟಿಲು ಅಮ್ಮನಿಂದ ಆಗುತ್ತದೆಯೇ? ಸೋಮನಾಥಪುರ ಬಿಟ್ಟುಬಿಡಬೇಕೇ?

ಹಾಸನದ ಬಸ್ಸು

ಗೊಮ್ಮಟನಿರುವ ಬೆಟ್ಟ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಮೀರಿದ ಮೆಟ್ಟಿಲು. ಚಪ್ಪಲಿ ಬುಡದಲ್ಲೇ ಬಿಡಬೇಕು. ಮಂಡಿನೋವಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ ‘ಪರವಾಗಿಲ್ಲ’ ಅಂದವರು ಇಳಿಯುವಾಗ ಅರ್ಧದಲ್ಲಿ ಕೂತುಬಿಡುತ್ತಾರೆ. ಬುಡದಲ್ಲಿ ಡೋಲಿ ಸಿಗುತ್ತದೆ. ಹೋಗಿಬರುವುದಕ್ಕೆ ಸೇರಿಸಿಯೇ ಮಾತಾಡಿ, ಮೇಲೆ ಎಷ್ಟು ಹೊತ್ತು ಕಾಯಬೇಕೆಂಬುದನ್ನೂ ಹೇಳಿಬಿಡಿ. ಉಳಿದವರು ದಪ್ಪ ಹತ್ತಿಯ ಕಾಲುಚೀಲ ತನ್ನಿ, ಹತ್ತೂವರೆಯ ನಂತರ ಜನವರಿಯಲ್ಲೂ ಬಂಡೆ ಕಾಯುತ್ತದೆ. ನೈಲಾನಿನದು ಬೇಡ, ಸವೆದ ಮೆಟ್ಟಿಲ ಮೇಲೆ ಜಾರುತ್ತದೆ.

ಡೋಲಿಯೂ ಬೇಡವೆಂದರೆ ಅಮ್ಮನನ್ನು ಊರೊಳಗಿನ ಭಂಡಾರಿ ಬಸದಿಗೆ ಕರೆದೊಯ್ಯಿರಿ. ಹೊಯ್ಸಳರ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು, ಇಪ್ಪತ್ನಾಲ್ಕು ತೀರ್ಥಂಕರರೂ ಒಂದೇ ಸಾಲಿನಲ್ಲಿದ್ದಾರೆ, ಬೆಟ್ಟ ಹತ್ತುವ ಮಾತಿಲ್ಲ.

ಫೋಟೋ ಹುಚ್ಚಿದ್ದರೆ ಒಂದು ಮಾತು: ಗೊಮ್ಮಟನ ಮುಖ ಉತ್ತರಕ್ಕೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮಧ್ಯಾಹ್ನ 58 ಅಡಿಯ ಮೂರ್ತಿಯ ಮುಖ ಕಪ್ಪಾಗಿ, ಹಿಂದಿನ ಆಕಾಶ ಬೆಳ್ಳಗೆ ಬರುತ್ತದೆ. ಬೆಳಗ್ಗೆ ಒಂಬತ್ತರೊಳಗೆ ಪಕ್ಕದಿಂದ ಬೀಳುವ ಬೆಳಕೇ ವಾಸಿ. ಪಾದದ ಬಳಿ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಶಾಸನ ಇದೆ, ಮಗನ ಕೈಲಿ ಓದಿಸಿ.

ಬಳಪದಕಲ್ಲು

ಸೋಮನಾಥಪುರ ಈ ಸಲ ಬಿಡಿ. ಹಾಸನದಿಂದ ಮೈಸೂರು ಸುಮಾರು 120, ಅಲ್ಲಿಂದ ಗುಡಿಗೆ 35, ಅಲ್ಲಿಂದ ಬೆಂಗಳೂರಿಗೆ 135 ಕಿ.ಮೀ. ಮಂಡಿನೋವಿನವರನ್ನು ಭಾನುವಾರವಿಡೀ ಕಾರಿನಲ್ಲಿ ಕೂರಿಸುವುದು ಯಾತಕ್ಕೆ? ಬದಲಿಗೆ ಹಾಸನ-ಬೇಲೂರು ರಸ್ತೆಯಿಂದ ಒಳಗಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ನೋಡಿ. ಬೇಲೂರಿಗಿಂತಲೂ ಹಳೆಯದು, ನಾಲ್ಕು ಗರ್ಭಗುಡಿಗಳ ಚತುಷ್ಕೂಟ. ಬೇಲೂರು, ಹಳೇಬೀಡಿನಲ್ಲಿ ಶಿಖರ ಉಳಿದಿಲ್ಲ, ಇಲ್ಲಿ ಇದೆ. ಬಾಗಿಲಿಗೆ ಬೀಗ ಇದ್ದರೆ ವಾಪಸ್ ಬರಬೇಡಿ, ಕಾವಲಿನವರು ಊರಲ್ಲೇ ಇರುತ್ತಾರೆ, ಪಕ್ಕದ ಮನೆಯಲ್ಲಿ ಕೇಳಿ.

ಜಾಲಂದ್ರ

ಬಿಡಬೇಡಿ ಅಂತ ನಾನು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಿಗೇ. ಬೇಲೂರು, ಹಳೇಬೀಡು ನೋಡಿದ ಕಣ್ಣಿಗೆ ಸೋಮನಾಥಪುರದ ಮೂರು ಶಿಖರ ಕಂಡಾಗಲೇ ಹೊಯ್ಸಳ ಗುಡಿಯ ಪೂರ್ತಿ ಆಕಾರ ಗೊತ್ತಾಗುವುದು. ದೊಡ್ಡಗದ್ದವಳ್ಳಿಯ ಶಿಖರಗಳು ಬಹುಪಾಲು ಮೆಟ್ಟಿಲುಮೆಟ್ಟಿಲಿನ ಸರಳ ಬಗೆಯವು, ಅದೇ ಬೇರೆ ರುಚಿ. ಸೋಮನಾಥಪುರದ ಅಂಗಳ ಸಮತಟ್ಟು, ಸುತ್ತಲೂ ಕೈಸಾಲೆಯ ನೆರಳು. ಪೂಜೆ ಇಲ್ಲದ್ದರಿಂದ ಮಧ್ಯಾಹ್ನ ಮುಚ್ಚುವ ತಾಪತ್ರಯವೂ ಇಲ್ಲ. ಹಾಸನವನ್ನು ಏಳಕ್ಕೆ ಬಿಟ್ಟು, ಮೈಸೂರಿನಲ್ಲಿ ಬೇರೇನನ್ನೂ ನೋಡದೆ ಹೋದರೆ ಮಾತ್ರ. ಅರಮನೆ ಸೇರಿಸಿದಿರೋ, ಕೆಟ್ಟಿತು: ಸಂಜೆ ಐದೂವರೆಗೆ ಸೋಮನಾಥಪುರದಲ್ಲಿ ಗೇಟು ಹಾಕುತ್ತಾರೆ. ಟಿಕೆಟ್ 25 ರೂಪಾಯಿ, ಮೊದಲೇ ಆನ್‌ಲೈನ್‌ನಲ್ಲಿ ತೆಗೆದರೆ 20. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ.

ಶನಿವಾರ ರಾತ್ರಿ ಅಮ್ಮನ ಮಂಡಿ ಹೇಗಿದೆ ನೋಡಿಕೊಂಡು ತೀರ್ಮಾನಿಸಿ. ಊದಿಕೊಂಡಿದ್ದರೆ ದೊಡ್ಡಗದ್ದವಳ್ಳಿ, ಇಲ್ಲದಿದ್ದರೆ ಸೋಮನಾಥಪುರ.