ಪ್ರಾಜೆಕ್ಟ್ ಮುಗಿಯುತ್ತಿದೆ, ಸಂಘ ಕಟ್ಟಬೇಕಾ, ಟ್ರಸ್ಟ್ ಮಾಡಬೇಕಾ?

ಪ್ರಶ್ನೆ (ಬಾಗೇಪಲ್ಲಿಯಿಂದ):
ನಮಸ್ಕಾರ ಮೇಡಂ. ನಾವು ಎಂಟು ಜನ ಐದು ವರ್ಷದಿಂದ ಬಾಗೇಪಲ್ಲಿ, ಗುಡಿಬಂಡೆ ಕಡೆ ಪಂಚಾಯಿತಿ ಬಲವರ್ಧನೆ ಪ್ರಾಜೆಕ್ಟ್‌ನಲ್ಲಿ ಇದ್ದೇವೆ. ವಾರ್ಡ್ ಸಭೆಗೆ ಜನ ಸೇರಿಸುವುದು, ಹೊಸ ಸದಸ್ಯರಿಗೆ ತರಬೇತಿ, ಜಮಾಬಂದಿ (ಪಂಚಾಯಿತಿಯ ವರ್ಷದ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ) ದಿನ ಲೆಕ್ಕ ಓದಿ ಹೇಳುವುದು, ಇದೇ ಕೆಲಸ. ಸಂಬಳ ಬೆಂಗಳೂರಿನ ಒಂದು ಸಂಸ್ಥೆಯದ್ದು. ಅವರಿಗೆ ಹೊರದೇಶದ ದುಡ್ಡು ಬರುತ್ತದೆ. ಮಾರ್ಚ್‌ಗೆ ಅದು ನಿಲ್ಲುತ್ತದಂತೆ. "ನೀವೇ ಒಂದು ಸಂಸ್ಥೆ ಮಾಡಿಕೊಂಡು ಮುಂದುವರಿಸಿ" ಅಂತಿದ್ದಾರೆ. ಸಂಘ ಒಳ್ಳೇದಾ, ಟ್ರಸ್ಟಾ? ಲ್ಯಾಪ್‌ಟಾಪ್, ಬೈಕ್ ನಮಗೇ ಬರುತ್ತವಾ?

ಉತ್ತರ (ಲೆಕ್ಕ ಪರಿಶೋಧಕಿ, ಚಿಕ್ಕಬಳ್ಳಾಪುರ):
ಸಂಘವೋ ಟ್ರಸ್ಟೋ ಅನ್ನೋದು ಅರ್ಧ ದಿನದ ಮಾತು. ಮೊದಲು ದುಡ್ಡಿನ ವಿಷಯ ಹೇಳುತ್ತೇನೆ. ಜಾಸ್ತಿ ಜನ ಮುಗ್ಗರಿಸುವುದು ಅಲ್ಲೇ.

ಎಫ್‌ಸಿಆರ್‌ಎ (ಹೊರದೇಶದ ದೇಣಿಗೆ ಪಡೆಯುವುದರ ಕಾನೂನು) ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು. ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ತನ್ನ ಕೆಲಸಕ್ಕೆ ಖರ್ಚು ಮಾಡಿರಬೇಕು. ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ) ಹಣ ನೋಡೋಣ ಅಂದರೆ ಅಲ್ಲೂ ಅದೇ ಥರದ ಕೆಲಸದಲ್ಲಿ ಮೂರು ವರ್ಷದ ಅನುಭವ ಕೇಳುತ್ತಾರೆ. ಅದು ಸಂಸ್ಥೆಯ ಅನುಭವ, ನಿಮ್ಮದಲ್ಲ. ನಿಮ್ಮ ಐದು ವರ್ಷದ ಓಡಾಟವೆಲ್ಲ ಬೆಂಗಳೂರಿನವರ ಲೆಕ್ಕಕ್ಕೆ ಹೋಯಿತು. ಬೇಜಾರಾಗುತ್ತೆ, ಆದರೆ ನಿಯಮ ಹಾಗೇ ಇದೆ.

ಆ ವಿದೇಶಿ ದೇಣಿಗೆ ಕಾಯ್ದೆಗೆ 2020ರ ತಿದ್ದುಪಡಿ ಆದಮೇಲೆ ಅವರು ತಮ್ಮ ವಿದೇಶಿ ದೇಣಿಗೆಯನ್ನು ನಿಮಗೆ ದಾಟಿಸುವಂತೆಯೂ ಇಲ್ಲ. ಆ ದುಡ್ಡಲ್ಲಿ ಕೊಂಡ ಬೈಕು, ಲ್ಯಾಪ್‌ಟಾಪನ್ನು "ಇಟ್ಟುಕೊಳ್ಳಿ ಬಿಡಿ" ಅಂದರೂ ಹಾಗೇ ಇಟ್ಟುಕೊಳ್ಳಬೇಡಿ. ಅವರ ಆಡಿಟರ್ ಬರೆದು ಕೊಡಲಿ, ಆಮೇಲೆ ನೋಡೋಣ.

ಹಾಗಾಗಿ ಮಾರ್ಚ್ ತನಕ ಕಾಯಬೇಡಿ. ಈ ತಿಂಗಳೇ ನೋಂದಣಿ ಮಾಡಿಸಿ, ಮೂರು ವರ್ಷದ ಎಣಿಕೆ ಬೇಗ ಶುರುವಾಗಲಿ. ನಿಮ್ಮ ಸಂಬಳ ಸದ್ಯ ಅಲ್ಲೇ ನಡೆಯಲಿ. ಹೊಸ ಸಂಸ್ಥೆ ಊರಿನ ದೇಣಿಗೆಯಲ್ಲಿ ಚಿಕ್ಕದಾಗಿ ಹೆಜ್ಜೆ ಇಡಲಿ. ಪ್ಯಾನ್, ಬ್ಯಾಂಕ್ ಖಾತೆ, 12ಎ, 80ಜಿ ಅಂತ ಜನ ಕರೆಯುವ ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಬೆನ್ನಿಗೇ ಮಾಡಿಸಿ.

ಇನ್ನು ನಿಮ್ಮ ಮೂಲ ಪ್ರಶ್ನೆ. ಟ್ರಸ್ಟ್ ಸುಲಭ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಯುತ್ತದೆ, ಚುನಾವಣೆಯ ತಲೆನೋವಿಲ್ಲ. ಆದರೂ ನನ್ನ ಓಟು ಸಂಘಕ್ಕೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ 7 ಜನ ಸಾಕು. ಗ್ರಾಮಸಭೆ ಕರೀರಿ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬೆನ್ನು ಹತ್ತುವವರು ನೀವು. ನಿಮ್ಮಲ್ಲೇ ಒಂದು ಸರ್ವಸದಸ್ಯರ ಸಭೆ ಇಲ್ಲ ಅಂದರೆ ಅವರು ನಗಲ್ವಾ?

ಒಂದು ಕಿವಿಮಾತು. ನೀವು ಎಂಟು ಜನರೇ ಕಾರ್ಯಕಾರಿ ಸಮಿತಿ ಆಗಬೇಡಿ. ಸಂಬಳ ತಗೊಳ್ಳುವವರೇ ಸಂಬಳ ನಿಗದಿ ಮಾಡಿದರೆ ದಾನಿಗಳು ಮೊದಲು ಅದನ್ನೇ ಕೇಳುತ್ತಾರೆ. ನಿವೃತ್ತ ಮೇಷ್ಟ್ರು, ಡೇರಿ ಕಾರ್ಯದರ್ಶಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಇಂಥವರನ್ನು ಕೂರಿಸಿ.

ಮರುಪ್ರಶ್ನೆ:
ಥ್ಯಾಂಕ್ಸ್ ಮೇಡಂ. ನಮ್ಮ ಪಂಚಾಯಿತಿಯ ಮಾಜಿ ಅಧ್ಯಕ್ಷೆಯೊಬ್ಬರು ಸಮಿತಿಗೆ ಬರುತ್ತೇನೆ ಅಂತಿದ್ದಾರೆ. ಒಳ್ಳೆಯವರು. ಆದರೆ ಮುಂದಿನ ಸಲ ಮತ್ತೆ ನಿಲ್ಲಬಹುದು. ಸೇರಿಸಿಕೊಳ್ಳಬಹುದಾ?

ಉತ್ತರ:
ಸಲಹೆಗಾರರಾಗಿ ಇರಲಿ, ಸಮಿತಿ ಬೇಡ. ಎಫ್‌ಸಿಆರ್‌ಎ ಕಾಯ್ದೆಯಲ್ಲಿ 'ಶಾಸಕಾಂಗ' ಅನ್ನೋ ಪದದೊಳಗೆ ಪಂಚಾಯಿತಿಯೂ ಬರುತ್ತದೆ. ಸದಸ್ಯರಾಗಲಿ, ಅಭ್ಯರ್ಥಿಗಳಾಗಲಿ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಮುಂದೆ ನೀವು ಅರ್ಜಿ ಹಾಕುವಾಗ ಸುಮ್ನೆ ಒಂದು ಗೊಂದಲ ಯಾಕೆ? ಅದಕ್ಕಿಂತ ದೊಡ್ಡದು, ಅವರು ನಿಂತರೆ ನಿಮ್ಮ ಲೆಕ್ಕ ಓದುವ ಕೆಲಸವನ್ನು ಎದುರು ಪಾರ್ಟಿಯವರು ಪ್ರಚಾರ ಅಂತಾರೆ. ನಾಮಪತ್ರ ಹಾಕುವ ಸಮಿತಿ ಸದಸ್ಯರು ಆ ದಿನವೇ ರಾಜೀನಾಮೆ ಕೊಡಬೇಕು ಅಂತ ಬೈಲಾದಲ್ಲೇ (ಸಂಘದ ನಿಯಮಾವಳಿಯಲ್ಲೇ) ಬರೆಸಿ.

ಮರೆತಿದ್ದೆ. ಹಳೇ ಸಂಸ್ಥೆ ಬಿಡುವ ಮುಂಚೆ ಪಿಎಫ್, ಗ್ರಾಚ್ಯುಟಿ (ಸೇವೆಯ ವರ್ಷ ನೋಡಿ ಕೊಡುವ ಹಣ) ಲೆಕ್ಕ ಬರವಣಿಗೆಯಲ್ಲಿ ಕೇಳಿ. ಐದು ವರ್ಷ ಅಂದಿರಲ್ಲ, ಒಬ್ಬೊಬ್ಬರೂ ಸೇರಿದ ತಾರೀಖು ಆರ್ಡರ್ ಕಾಪಿಯಲ್ಲಿ ನೋಡಿಕೊಳ್ಳಿ.