ಬೆಕ್ಕಿನ ಮೂತ್ರದಲ್ಲಿ ಮತ್ತೆ ಮತ್ತೆ ರಕ್ತ: ಇದು ಸೋಂಕೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಸಾಗರದಿಂದ

ನಮ್ಮ ಮನೆಯ ಗಂಡು ಬೆಕ್ಕು ಗುಂಡನಿಗೆ ಈಗ ನಾಲ್ಕು ವರ್ಷ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಹತ್ತು ತಿಂಗಳಲ್ಲಿ ಇದು ಮೂರನೆಯ ಸಲ ಅವನು ಮೂತ್ರಕ್ಕೆ ತೊಂದರೆಪಡುತ್ತಿದ್ದಾನೆ. ಮರಳಿನ ತಟ್ಟೆಯನ್ನು ಬಿಟ್ಟು ಬಚ್ಚಲ ಮೂಲೆಗೆ ಹೋಗಿ ಬೆನ್ನು ಬಾಗಿಸಿ ತಿಣುಕುತ್ತಾನೆ. ಎದ್ದುಹೋದ ಮೇಲೆ ನೋಡಿದರೆ ನೆಲದ ಮೇಲೆ ರೂಪಾಯಿ ನಾಣ್ಯದಷ್ಟಗಲದ ಒಂದು ತೊಟ್ಟು, ಅದೂ ಕೋಕಂ ಕದಡಿದ ನೀರಿನ ಬಣ್ಣದ್ದು. ಹಿಂದಿನ ಎರಡು ಸಲವೂ ವೈದ್ಯರು ಮೂತ್ರಕ್ಕೆ ಬಣ್ಣದ ಪಟ್ಟಿಯನ್ನು ಅದ್ದಿ ನೋಡಿ, ಬಿಳಿ ರಕ್ತಕಣಗಳಿವೆ, ಸೋಂಕಾಗಿದೆ ಎಂದು ಐದು ದಿನದ ಆ್ಯಂಟಿಬಯೋಟಿಕ್ ಕೊಟ್ಟರು, ವಾರದೊಳಗೆ ವಾಸಿಯೂ ಆಯಿತು. ಔಷಧ ನಾಟುತ್ತಿದೆ ಎಂದಾದರೆ ರೋಗ ಮರಳುತ್ತಿರುವುದೇಕೆ? ಈ ಸಲ ಯಾವ ಪರೀಕ್ಷೆಗಳನ್ನು ಮಾಡಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಬೆಕ್ಕು ಸಾಕಿದವನು

ಪರೀಕ್ಷೆಯ ಮಾತು ಆಮೇಲಿರಲಿ ಮೇಡಂ, ತೊಟ್ಟಾದರೂ ಮೂತ್ರ ಬರುತ್ತಿದೆಯೇ ಎಂಬುದನ್ನು ಈಗಲೇ ಖಚಿತಪಡಿಸಿಕೊಳ್ಳಿ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಅದು ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ, ಎರಡು ಮೂರು ದಿನಗಳಲ್ಲಿ ಪ್ರಾಣಕ್ಕೇ ಬರುತ್ತದೆ. ನಮ್ಮ ಬೆಕ್ಕು ಶನಿವಾರ ತಿಣುಕುತ್ತಿದ್ದುದನ್ನು ಕಂಡು ಮಲಬದ್ಧತೆಯೆಂದು ಭಾವಿಸಿ ಸೋಮವಾರದವರೆಗೆ ಕಾದೆ. ಅಷ್ಟರಲ್ಲಿ ಅದು ವಾಂತಿ ಮಾಡಿಕೊಂಡು ತಣ್ಣಗಾಗುತ್ತ ಬಂದಿತ್ತು, ಉಳಿಯಲಿಲ್ಲ. ಕೆಳಹೊಟ್ಟೆ ನಿಂಬೆಹಣ್ಣಿನಂತೆ ಗಟ್ಟಿಯಾಗಿದ್ದು, ಮುಟ್ಟಿದರೆ ಕೂಗುತ್ತಿದ್ದರೆ, ರಾತ್ರಿಯಾದರೂ ಹೊರಡಿ. ನೋವಿಗೆಂದು ಪ್ಯಾರಸಿಟಮಾಲ್ ಮಾತ್ರ ಹಾಕಬೇಡಿ, ಬೆಕ್ಕಿಗೆ ಅದು ವಿಷ.

ಉತ್ತರ 2: ಪಶುವೈದ್ಯ

ಮೇಲಿನವರ ಎಚ್ಚರಿಕೆ ಸರಿಯಾಗಿದೆ. ಮೂತ್ರ ಬರುತ್ತಿದೆ ಎಂದಿಟ್ಟುಕೊಂಡು ಉಳಿದದ್ದನ್ನು ಬರೆಯುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧಭಾಗವಿದೆ. ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಇಂಥ ಲಕ್ಷಣಗಳಿಗೆ ಬ್ಯಾಕ್ಟೀರಿಯಾ ಕಾರಣವಾಗುವುದು ಅಪರೂಪ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಸೋಂಕೂ ಇರುವುದಿಲ್ಲ, ಕಲ್ಲೂ ಇರುವುದಿಲ್ಲ, ಮೂತ್ರಕೋಶದ ಒಳಪದರ ಉರಿಗೊಂಡಿರುತ್ತದೆ, ಅಷ್ಟೆ. ಈ ಉರಿಯೂತ ಔಷಧವಿಲ್ಲದೆಯೂ ಸಾಮಾನ್ಯವಾಗಿ ಒಂದು ವಾರದಲ್ಲಿ ತಾನೇ ಇಳಿಯುತ್ತದೆ. ಐದು ದಿನದ ಮಾತ್ರೆಗೂ ವಾರದ ಗುಣಕ್ಕೂ ಕಾಲ ಕೂಡಿಬರುವುದರಿಂದ ಕೀರ್ತಿ ಮಾತ್ರೆಗೆ ಹೋಗುತ್ತದೆ. ಪಟ್ಟಿಯಲ್ಲಿ ಬಿಳಿ ರಕ್ತಕಣದ ಚೌಕವನ್ನು ಬೆಕ್ಕಿನ ವಿಷಯದಲ್ಲಿ ನಂಬುವಂತೆಯೇ ಇಲ್ಲ, ಕಣಗಳಿಲ್ಲದಿದ್ದರೂ ಅದು ಬಣ್ಣ ತಿರುಗುವುದುಂಟು.

ಸೋಂಕಿದೆಯೇ ಎಂದು ತೀರ್ಮಾನಿಸಲು ಕಲ್ಚರ್, ಎಂದರೆ ಮೂತ್ರದಿಂದ ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವ ಪರೀಕ್ಷೆ ಬೇಕು. ಅದಕ್ಕೆ ನೆಲದ ಮೇಲಿನ ಮೂತ್ರ ಒದಗದು. ಹೊಟ್ಟೆಯ ಮೂಲಕ ಸಣ್ಣ ಸೂಜಿಯನ್ನು ನೇರವಾಗಿ ಮೂತ್ರಕೋಶಕ್ಕೆ ಹಾಕಿ ಎರಡು ಮೂರು ಎಂ.ಎಲ್. ತೆಗೆಯಬೇಕು. ಕೇಳಲು ಭಯವಾದರೂ ಹೆಚ್ಚಿನ ಬೆಕ್ಕುಗಳು ರಕ್ತ ತೆಗೆಯುವಾಗ ಮಾಡುವಷ್ಟು ರಂಪವನ್ನೂ ಇದಕ್ಕೆ ಮಾಡುವುದಿಲ್ಲ. ಆ್ಯಂಟಿಬಯೋಟಿಕ್ ಆರಂಭಿಸುವುದಕ್ಕೆ ಮೊದಲೇ ತೆಗೆಸಿ. ಅದೇ ಮಾದರಿಯಲ್ಲಿ ಸಾಂದ್ರತೆಯನ್ನು, ಎಂದರೆ ನೀರಿಗೆ (1.000) ಹೋಲಿಸಿದರೆ ಮೂತ್ರ ಎಷ್ಟು ಗಟ್ಟಿ ಎಂಬುದನ್ನು, ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಉಪಕರಣದಿಂದ ಅಳೆಯಲಿ. ಆರೋಗ್ಯವಂತ ಬೆಕ್ಕಿನಲ್ಲಿ ಅದು ಸಾಮಾನ್ಯವಾಗಿ 1.035ಕ್ಕಿಂತ ಮೇಲಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವುದಿದ್ದರೆ ಒಂದು ಗಂಟೆಯೊಳಗೆ ನೋಡಬೇಕು, ಏಕೆಂದರೆ ಫ್ರಿಜ್ಜಿನಲ್ಲಿಟ್ಟ ಮೂತ್ರದಲ್ಲಿ ಇಲ್ಲದ ಹರಳುಗಳು ಹುಟ್ಟಿಕೊಳ್ಳುತ್ತವೆ. ಹರಳು ಕಂಡಾಕ್ಷಣ ಕಲ್ಲಿದೆ ಎಂದೂ ಅಲ್ಲ.

ಕಲ್ಲಿಗಾಗಿ ಎಕ್ಸ್‌ರೇ. ಚಿತ್ರದಲ್ಲಿ ಮೂತ್ರನಾಳದ ಕೊನೆಯವರೆಗೂ ಬರಬೇಕು. ಹೊಟ್ಟೆಯನ್ನಷ್ಟೇ ತೆಗೆದು ಕಲ್ಲಿಲ್ಲ ಎಂದು ಬರೆದ ವರದಿಗಳನ್ನು ಎಷ್ಟೋ ಕಂಡಿದ್ದೇನೆ. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಬಗೆಯ ಕಲ್ಲುಗಳಾದ ಸ್ಟ್ರುವೈಟ್, ಕ್ಯಾಲ್ಸಿಯಂ ಆಕ್ಸಲೇಟ್ ಎರಡೂ ಎಕ್ಸ್‌ರೇಯಲ್ಲಿ ಕಾಣುತ್ತವೆ. ಮೊದಲನೆಯದನ್ನು ವಿಶೇಷ ಆಹಾರದಿಂದಲೇ ಕರಗಿಸಬಹುದು, ಎರಡನೆಯದು ಆಹಾರಕ್ಕೆ ಕರಗುವುದಿಲ್ಲ. ಸಾಗರದಲ್ಲಿ ಅನುಕೂಲವಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಜೊತೆಗೆ, ಸೋಂಕಿಲ್ಲದ ಈ ಉರಿಯೂತ ಬೆಕ್ಕಿಗೆ ಮನಸ್ಸಿನ ಒತ್ತಡವಾದಾಗ ಮರಳುವುದುಂಟು, ಆದ್ದರಿಂದ ಮೂರು ಸಲವೂ ಮನೆಯಲ್ಲಿ ಏನು ನಡೆದಿತ್ತು ಎಂಬುದನ್ನು ದಿನಾಂಕ ಸಮೇತ ಬರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರಿಂದ: ಹನ್ನೊಂದು ದಿನಗಳ ನಂತರ

ಸರ್, ತಾವು ಹೇಳಿದಂತೆ ಎಲ್ಲವನ್ನೂ ಮಾಡಿಸಿದೆವು. ಸಾಂದ್ರತೆ 1.052, ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ, ಎಕ್ಸ್‌ರೇಯಲ್ಲಿ ಕಲ್ಲಿಲ್ಲ, ಸ್ಕ್ಯಾನಿಂಗಿನಲ್ಲಿ ಮೂತ್ರಕೋಶದ ಗೋಡೆ ಸ್ವಲ್ಪ ದಪ್ಪವಾಗಿದೆ ಎಂದರು. ಈ ಸಲ ನೋವಿನ ಔಷಧವನ್ನಷ್ಟೇ ಕೊಟ್ಟರು, ಆರನೆಯ ದಿನಕ್ಕೆ ಗುಂಡ ತಟ್ಟೆಗೆ ಮರಳಿದ. ದಿನಾಂಕಗಳನ್ನು ಬರೆಯಲು ಕುಳಿತಾಗ ಹೊಳೆಯಿತು: ಮೊದಲ ಸಲ ತಂಗಿ ಬಾಣಂತನಕ್ಕೆ ಬಂದಿದ್ದಳು, ಎರಡನೆಯ ಸಲ ಅಡುಗೆಮನೆ ಕೆಡವಿದ್ದೆವು, ಈಗ ಯಾರದೋ ಕಂದು ಗಡವ ಬೆಕ್ಕು ದಿನವೂ ಕಿಟಕಿಗೆ ಬಂದು ಗುರ್ರೆನ್ನುತ್ತಿದೆ. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿದ್ದೇವೆ, ಒಣ ಆಹಾರದ ಬದಲು ನೀರು ಬೆರೆಸಿದ ಮೀನನ್ನು ಕೊಡುತ್ತಿದ್ದೇವೆ.

ಉತ್ತರ 3: ಮೈಸೂರಿನಿಂದ

ಓದಿದವರು ಬೆಕ್ಕಿಗೆ ಸೋಂಕೇ ಆಗುವುದಿಲ್ಲ ಎಂದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಹದಿಮೂರು ವರ್ಷದ ಹೆಣ್ಣು ಬೆಕ್ಕು ತಿಣುಕಲೂ ಇಲ್ಲ, ರಕ್ತವೂ ಕಾಣಲಿಲ್ಲ, ನೀರು ಮಾತ್ರ ಬಟ್ಟಲುಗಟ್ಟಲೆ ಕುಡಿಯುತ್ತಿತ್ತು. ಸಾಂದ್ರತೆ 1.014, ಮೂತ್ರಪಿಂಡ ಸೋತಿತ್ತು, ಕಲ್ಚರಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ವಯಸ್ಸಾದ, ಮಧುಮೇಹವಿರುವ, ಮೂತ್ರಪಿಂಡ ಕುಂದಿದ ಬೆಕ್ಕುಗಳಲ್ಲಿ ಲೆಕ್ಕ ತಿರುವುಮುರುವು.

ಉತ್ತರ 4: ಪಶುವೈದ್ಯ

ಮೈಸೂರಿನವರು ಹೇಳಿದ್ದು ನಿಜ. ಗುಂಡನ ಮುಂದಿನ ತಪಾಸಣೆಗೆ ಸಾಂದ್ರತೆಯನ್ನಷ್ಟೇ ನೋಡುವುದಾದರೆ ಸೂಜಿ ಬೇಡ. ಮರಳಿನ ಬದಲು ಮೀನಿನ ತೊಟ್ಟಿಗೆ ಹಾಕುವ ನುಣುಪು ಕಲ್ಲುಗಳನ್ನು ತೊಳೆದು ಒಣಗಿಸಿ ತಟ್ಟೆಗೆ ಹಾಕಿ, ಅವು ಮೂತ್ರವನ್ನು ಹೀರುವುದಿಲ್ಲ. ಸಿರಿಂಜಿನಲ್ಲಿ ಎಳೆದುಕೊಂಡು ನಿಮ್ಮೂರಿನಲ್ಲಿಯೇ ಅಳೆಸಬಹುದು.